ಶಾಂತಕ್ಕ ಕಂಡ ಸುಳ್ಳು ಬಾವಿ

ಇದನ್ನು ಬರೆಯಲು ನಾನು ತಕ್ಕವಳೋ ಅಲ್ಲವೋ ತಿಳಿಯದು. ಯಾರಾದರೂ "ನನಗೊಂದು ವಿಚಿತ್ರ ಅನುಭವ ಆತು" ಎಂದು ಮಾತು ತೆಗೆದರೆ, ಅವರು ಮುಗಿಸುವ ಮೊದಲೇ ಅದಕ್ಕೊಂದು ಕಾರಣ ಹುಡುಕಿ ಅವರ ಕೈಗಿಡುವ ಸ್ವಭಾವ ನನ್ನದು. ಈ ಸ್ವಭಾವದಿಂದ ನನಗೆ ಗೆಳೆಯರು ಕಡಿಮೆ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಬೀಗ ಹಾಕಿದ ಒಂದು ಮನೆಯಿತ್ತು. ಅದರೊಳಗೆ ಮಗ್ಗ ತಾನೇ ತಾನಾಗಿ ನಡೆಯುತ್ತದೆ ಎಂದು ಎಲ್ಲರೂ ನಂಬಿದ್ದರು. ಪಿಯುಸಿ ಓದುತ್ತಿದ್ದಾಗ ನಾನು ಒಂದು ಮಧ್ಯಾಹ್ನ ಹಿತ್ತಲ ಗೋಡೆ ಹತ್ತಿ ಒಳಗೆ ಇಳಿದೆ. ಮಗ್ಗವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಆಚೆ ಮನೆಯ ಮಗ್ಗದ ಸಪ್ಪಳ, ಎರಡೂ ಮನೆಗೆ ಹಾಯ್ದಿದ್ದ ಒಂದೇ ತೊಲೆಯ ಮೂಲಕ ಇಲ್ಲಿ ಕೇಳುತ್ತಿತ್ತು, ಅಷ್ಟೆ. ನಾನು ಬಂದು ಇದನ್ನು ಊರಿಗೆಲ್ಲ ಸಾರಿದಾಗ ನಮ್ಮ ಚಿಗವ್ವ, "ನಿನ್ನ ಕೂಡ ಯಾವ ದೆವ್ವನೂ ಬಾಳ್ವೆ ಮಾಡೂದಿಲ್ಲ ಬಿಡು" ಎಂದಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮುಂದೆ ಓದಿದ್ದು ಇಂಜಿನಿಯರಿಂಗ್. ಹಿಡಿದ ಕೆಲಸವೂ ನಂಬಿಕೆಗೆ ಜಾಗವಿಲ್ಲದ್ದು. ಶಸ್ತ್ರಚಿಕಿತ್ಸೆ ಮಾಡುವ ರೋಬೋಟುಗಳಿಗೆ ಕಣ್ಣು ಸುಧಾರಿಸುವುದು ನಮ್ಮ ಪುಟ್ಟ ತಂಡದ ಕೆಲಸ. ರೋಬೋಟು ಎಂದೊಡನೆ ಅದು ತಾನೇ ಚಾಕು ಹಿಡಿದು ಹೊಟ್ಟೆ ಕೊಯ್ಯುತ್ತದೆ ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಡಾಕ್ಟರು ಅದೇ ಕೋಣೆಯ ಮೂಲೆಯಲ್ಲಿ ಒಂದು ಪೆಟ್ಟಿಗೆಯಂಥ ಯಂತ್ರದೊಳಗೆ ಮುಖವಿಟ್ಟು ಕೂತಿರುತ್ತಾರೆ. ಅವರ ಬೆರಳು ಆಡಿದಂತೆ ಯಂತ್ರದ ಸಣ್ಣ ಕೈಗಳು ರೋಗಿಯ ಹೊಟ್ಟೆಯೊಳಗೆ ಆಡುತ್ತವೆ. ಒಳಗಿನದನ್ನು ತೋರಿಸಲು ಬೆರಳು ದಪ್ಪದ ಒಂದು ಕೊಳವೆ, ಅದರ ತುದಿಯಲ್ಲಿ ಎರಡು ಪುಟ್ಟ ಕ್ಯಾಮೆರಾ.

ಎರಡು ಯಾಕೆ? ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ, ತಿಳಿಯುತ್ತದೆ. ಯಾವುದು ಹತ್ತಿರ, ಯಾವುದು ದೂರ ಎಂದು ಹೇಳಲು ಎರಡು ಕಣ್ಣು ಬೇಕು. ಎರಡು ಚಿತ್ರಗಳನ್ನು ಹೋಲಿಸಿ ಪ್ರತಿಯೊಂದು ಬಿಂದುವೂ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುವುದು ನಮ್ಮ ತಂತ್ರಾಂಶದ ಕೆಲಸ. ಹೇಳುವುದು ಸುಲಭ. ಮನುಷ್ಯನ ಹೊಟ್ಟೆಯ ಒಳಗು ಒದ್ದೆಯಾಗಿರುತ್ತದೆ, ಹೊಳೆಯುತ್ತದೆ. ದೀಪದ ಬೆಳಕು ಅದರ ಮೇಲೆ ಬಿದ್ದು ಕನ್ನಡಿಯಂತೆ ಮಿಂಚಿದರೆ ಯಂತ್ರ ದಿಕ್ಕೆಡುತ್ತದೆ. ಇಲ್ಲೇ ಎದುರಿಗಿರುವುದನ್ನು ಎಲ್ಲೋ ಆಳದಲ್ಲಿದೆ ಎನ್ನುತ್ತದೆ. ಡಾಕ್ಟರು ಆ ಮಾತು ನಂಬಿ ಕೈ ಮುಂದೆ ಹಾಕಿದರೆ ಏನಾದೀತು ನೀವೇ ಊಹಿಸಿ. ಈ ಸುಳ್ಳನ್ನು ಹಿಡಿಯುವುದಕ್ಕೇ ನಾವು ವರ್ಷಗಟ್ಟಲೆ ಒದ್ದಾಡಿದ್ದೆವು.

ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ನಮ್ಮ ಯಂತ್ರವನ್ನು ಪರೀಕ್ಷೆಗೆ ಇಡಲು ಒಪ್ಪಿಗೆ ಸಿಕ್ಕಿತ್ತು. ಅಲ್ಲಿಯ ಕಿಡ್ನಿ ತಜ್ಞೆ ಡಾಕ್ಟರ್ ಸುನಂದಾ ಆಪರೇಷನ್ ಮಾಡುವಾಗ ನಮ್ಮ ಅಳತೆಯ ಗೆರೆಗಳು ಅವರ ಚಿತ್ರದ ಮೇಲೆ ತೆಳ್ಳಗೆ ಮೂಡುತ್ತಿದ್ದವು. ಅದು ಬರೀ ಸಲಹೆ. ನಂಬುವುದು ಬಿಡುವುದು ಅವರಿಗೆ ಬಿಟ್ಟದ್ದು. ನಾನು ಗೋಡೆಗೆ ಬೆನ್ನು ಹಾಕಿ ನನ್ನದೇ ಪರದೆಯ ಮುಂದೆ ಕೂಡುತ್ತಿದ್ದೆ. ಆ ಪರದೆಯಲ್ಲಿ ಮಾಂಸ, ರಕ್ತ ಏನೂ ಕಾಣುವುದಿಲ್ಲ. ಬರೀ ದೂರ ಕಾಣುತ್ತದೆ. ಹತ್ತಿರದ್ದು ಕೆಂಪು, ದೂರದ್ದು ನೀಲಿ, ಗುಡ್ಡ ತಗ್ಗುಗಳ ನಕಾಶೆಯಂತೆ. ಯಂತ್ರ ತಪ್ಪುತ್ತಿದೆ ಅನ್ನಿಸಿದರೆ ಒಂದು ಗುಂಡಿ ಒತ್ತಿ ಡಾಕ್ಟರ ಚಿತ್ರದ ಮೇಲಿನ ಗೆರೆಗಳನ್ನು ತೆಗೆದುಬಿಡುವುದು ನನ್ನ ಹೊಣೆ. ಆಗ ಯಾರೂ ಏನೂ ಮಾತಾಡಬೇಕಿರಲಿಲ್ಲ. ಗೆರೆ ಹೋಯಿತೆಂದರೆ ಡಾಕ್ಟರು ತಮ್ಮ ಕಣ್ಣನ್ನೇ ನಂಬಿ ಮುಂದುವರಿಯುತ್ತಿದ್ದರು.

ಶಾಂತಕ್ಕ ಬಂದದ್ದು ಆಗ. ಹುನಗುಂದದವರು. ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು ಬಾಗಲಕೋಟೆಯ ಒಂದು ಸರಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ವಯಸ್ಸು ಐವತ್ತರ ಹತ್ತಿರ. ಹುಟ್ಟಾ ಕಣ್ಣಿಲ್ಲ. ಬೆಳಕು, ಕತ್ತಲೆ, ಬಣ್ಣ ಯಾವುದನ್ನೂ ಅವರು ಒಂದು ಸಲವೂ ಕಂಡವರಲ್ಲ. ಒಂದು ಕಿಡ್ನಿ ಚಿಕ್ಕಂದಿನಲ್ಲೇ ಬತ್ತಿಹೋಗಿತ್ತು. ಉಳಿದ ಒಂದರಲ್ಲಿ ಈಗ ಗಡ್ಡೆ. ಗಡ್ಡೆಯನ್ನಷ್ಟೇ ತೆಗೆದು ಕಿಡ್ನಿ ಉಳಿಸಬೇಕು. ಕೈ ಸ್ವಲ್ಪ ತಪ್ಪಿದರೂ ಇಡೀ ಕಿಡ್ನಿ ಹೋಗುತ್ತದೆ, ಆಮೇಲೆ ಜೀವನಪೂರ್ತಿ ಡಯಾಲಿಸಿಸ್. ಅವರ ಜತೆ ಅಕ್ಕ ನೀಲವ್ವ ಇದ್ದರು, ಮಾತು ಮಾತಿಗೆ ಕಣ್ಣೀರು ಒರೆಸಿಕೊಳ್ಳುವವರು. ಶಾಂತಕ್ಕ ಮಾತ್ರ ನಗುನಗುತ್ತಲೇ ಇದ್ದರು.

ಪರೀಕ್ಷೆಯ ಯಂತ್ರ ಬಳಸಲು ರೋಗಿಯ ಒಪ್ಪಿಗೆ ಪಡೆಯಬೇಕು. ಅದಕ್ಕಾಗಿ ನಾನು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ ಇದು:

"ತಂಗಿ, ನಿಮ್ಮ ಮಶೀನಿಗೆ ಏನ್ ಕಾಣಸ್ತೈತಿ?"

ಅವರಿಗೆ ಹೇಗೆ ತಿಳಿಸಿ ಹೇಳಲಿ ಎಂದು ಸ್ವಲ್ಪ ತಡವರಿಸಿದೆ. ಬಣ್ಣಗಿಣ್ಣದ ಮಾತು ಬಿಟ್ಟು, "ಯಾವುದು ಹತ್ತಿರ ಐತಿ, ಯಾವುದು ದೂರ ಐತಿ, ಅಷ್ಟ ತಿಳೀತೈತ್ರಿ ಅಕ್ಕಾರ" ಎಂದೆ.

"ಹಂಗಾರ ಅದೂ ನನ್ನ ಹಂಗ ಐತಿ ಬಿಡು. ನನಗೂ ಅಷ್ಟ ತಿಳಿಯೂದು. ಅದೂ ಕೈ ಮುಟ್ಟೂ ಅಷ್ಟ ದೂರ."

ಸ್ಕ್ಯಾನಿನ ಆಧಾರದ ಮೇಲೆ ಅವರ ಕಿಡ್ನಿಯ ಒಂದು ಪ್ಲಾಸ್ಟಿಕ್ ಮಾದರಿ ಮಾಡಿದ್ದೆವು. ಅದನ್ನು ಅವರ ಕೈಗೆ ಕೊಟ್ಟೆ. ಎರಡೂ ಕೈಯಿಂದ ಹಿಡಿದು, ಬೆರಳು ತುದಿಯಿಂದ ನಿಧಾನವಾಗಿ ಸವರಿ ನೋಡಿದರು. ಗಡ್ಡೆಯ ಮೇಲೆ ಬೆರಳು ನಿಂತಿತು. "ಇದ ಏನು ಕಳ್ಳ?" ಎಂದರು. ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದರು. ಈ ಮಾದರಿಯ ವಿಷಯವನ್ನು ಓದುವವರು ನೆನಪಿಡಬೇಕು. ಮುಂದೆ ನಾನು ಕಾರಣ ಹುಡುಕಲು ಹೊರಟಾಗ ಮೊದಲು ಹೋಗಿ ನಿಂತದ್ದು ಇದರ ಹತ್ತಿರವೇ.

ಆಪರೇಷನ್ ನಡೆದದ್ದು ಒಂದು ಬೆಳಿಗ್ಗೆ. ಹೊರಗೆ ಚೆನ್ನಾಗಿ ಬಿಸಿಲಿತ್ತು. ಇಂಥ ಸಂಗತಿಗಳು ನಡೆಯುವ ಹೊತ್ತು ಅದಲ್ಲ ಎಂದು ಈಗಲೂ ಅನ್ನಿಸುತ್ತದೆ. ಅರಿವಳಿಕೆ ಕೊಟ್ಟು, ಕ್ಯಾಮೆರಾ ಒಳಗಿಟ್ಟು, ಕಿಡ್ನಿಯ ಸುತ್ತಲಿನ ಕೊಬ್ಬು ಬಿಡಿಸುವವರೆಗೆ ಎಲ್ಲ ಸರಿಯಾಗಿತ್ತು. ನನ್ನ ಪರದೆಯ ಮೇಲೆ ಕಿಡ್ನಿ ಒಂದು ದುಂಡನೆಯ ದಿಬ್ಬದಂತೆ, ಗಡ್ಡೆ ಅದರ ಮೇಲೆ ಕೂತ ಸಣ್ಣ ಗುಡ್ಡದಂತೆ ಮೂಡಿತ್ತು.

ಡಾಕ್ಟರು ಗಡ್ಡೆಯ ಅಂಚು ಬಿಡಿಸಲು ಶುರು ಮಾಡಿದಾಗ ಅದು ಕಾಣಿಸಿತು. ಗಡ್ಡೆಯ ಕೆಳಮಗ್ಗುಲಲ್ಲಿ ಒಂದು ಒದ್ದೆ ಜಾಗ ಬೆಳಕಿಗೆ ಮಿಂಚಿತು. ಕೂಡಲೇ ನನ್ನ ಪರದೆಯಲ್ಲಿ ಅಲ್ಲೊಂದು ಕಡುನೀಲಿ ಕುಳಿ ಬಿತ್ತು. ಸುತ್ತ ಕೆಂಪು, ನಡುವೆ ತಳವೇ ಇಲ್ಲದ ಬಾವಿಯಂಥ ನೀಲಿ. ಅಲ್ಲಿ ನಿಜವಾಗಿ ಕುಳಿ ಇರಲಿಲ್ಲ. ಪಕ್ಕದ ಮಾಮೂಲಿ ಚಿತ್ರದಲ್ಲಿ ಗಟ್ಟಿ ಮೇಲ್ಮೈಯೇ ಕಾಣುತ್ತಿತ್ತು. ನಮ್ಮ ಯಂತ್ರದ ಹಳೆಯ ಸುಳ್ಳು. ನಾನು ಗುಂಡಿ ಒತ್ತಿದೆ. ಡಾಕ್ಟರ ಚಿತ್ರದಿಂದ ಗೆರೆಗಳು ಹೋದವು. ಒಂದು ಗಳಿಗೆ ನನ್ನ ಪರದೆಯೂ ಸ್ತಬ್ಧವಾಗಿ ಮತ್ತೆ ಶುರುವಾಯಿತು. ಡಾಕ್ಟರು ತಲೆ ಎತ್ತಲಿಲ್ಲ, ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಅವರು ತಮ್ಮ ಕಣ್ಣಳತೆಯಲ್ಲಿಯೇ ಗಡ್ಡೆ ತೆಗೆದು ಹೊಲಿಗೆ ಹಾಕಿ ಮುಗಿಸಿದರು. ಕಿಡ್ನಿ ಉಳಿದಿತ್ತು. ಹೊರಗೆ ನೀಲವ್ವ ಡಾಕ್ಟರ ಕಾಲಿಗೆ ಬೀಳಲು ಹೋಗಿ, ಅವರು ಹಿಂದೆ ಸರಿದು, ಇಬ್ಬರೂ ನಕ್ಕರು.

ಆ ಕುಳಿಯ ಬಗ್ಗೆ ನಾನು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ. ಬಿಡುವಾದಾಗ ರೆಕಾರ್ಡಿಂಗ್ ತೆಗೆದು ನೋಡಿದರಾಯಿತು ಎಂದುಕೊಂಡಿದ್ದೆ.

ಮರುದಿನ ಮಧ್ಯಾಹ್ನ ವಾರ್ಡಿಗೆ ಹೋದೆ. ಶಾಂತಕ್ಕ ದಿಂಬಿಗೆ ಒರಗಿದ್ದರು. ನನ್ನ ಹೆಜ್ಜೆಯಲ್ಲೇ ಗುರುತು ಹಿಡಿದು, ಅಕ್ಕನಿಗೆ, "ನೀಲಕ್ಕ, ಒಂದೀಟ ಚಾ ಕುಡದ ಬಾ ಹೋಗ" ಎಂದರು. ನೀಲವ್ವ ಹೋದ ಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ತಂಗಿ, ನೀ ನಗಬಾರದ ಮತ್ತ."

"ಇಲ್ರಿ, ಹೇಳ್ರಿ."

"ಅಕ್ಕಗ ಹೇಳಿದರ ದೇವರಿಗಿ ಹರಕಿ ಹೊರತಾಳ. ನಿನ್ನ ಮುಂದ ಹೇಳ್ತೇನಿ. ನಿನ್ನೆ ನನಗ ನಿದ್ದಿ ಮಾಡಿಸಿದ ಮ್ಯಾಲೆ, ನನ್ನ ಮುಂದ ಒಂದು ಗುಡ್ಡ ಇತ್ತು."

ಅರಿವಳಿಕೆಯಿಂದ ಎದ್ದವರು ಏನೇನೋ ಹೇಳುತ್ತಾರೆ. ಸುಮ್ಮನೆ ಕೇಳುತ್ತ ಕೂತೆ. ಅವರು ಹೇಳಿದ ರೀತಿ ಮಾತ್ರ ಬೇರೆ ಥರ ಇತ್ತು. ಕಂಡಿತು ಎಂಬ ಮಾತನ್ನು ಅವರು ಆಡಲಿಲ್ಲ. ಅವರ ಬಳಿ ಆ ಮಾತಿರಲಿಲ್ಲ. "ಮುಟ್ಟಲಿಲ್ಲ, ಆದರ ಎಲ್ಲಾ ಗೊತ್ತಾತು" ಎಂದರು. "ಒಂದ ಕಡೆಯಿಂದ ಸವರಿಕೋತ ಹೋಗೂದಲ್ಲ. ಇಡೀದು ಒಮ್ಮಿಗೇ. ದುಂಡಗ ಒಂದು ದಿಬ್ಬ, ಅದರ ಮ್ಯಾಲೆ ಆ ಕಳ್ಳ. ಯಾವುದು ನನ್ನ ಮುಂದ, ಯಾವುದು ಹಿಂದ, ಎಲ್ಲಾ."

ನನಗೆ ಒಳಗೊಳಗೇ ಸಮಾಧಾನವಾಯಿತು. ಆ ಪ್ಲಾಸ್ಟಿಕ್ ಮಾದರಿಯನ್ನು ಮುಟ್ಟಿ ನೋಡಿದ್ದು ಕನಸಿನಲ್ಲಿ ಬಂದಿದೆ. ಇಷ್ಟೇ. ಬೀಗ ಹಾಕಿದ ಮನೆಯ ತೊಲೆ ಇಲ್ಲೂ ಸಿಕ್ಕಿತು ಎಂದುಕೊಂಡೆ. ಅಷ್ಟರಲ್ಲಿ ಅವರು ಮಾತು ಮುಂದುವರಿಸಿದರು.

"ಆಮ್ಯಾಲೆ ಕಳ್ಳನ ಬುಡಕ್ಕ ಒಂದು ಬಾವಿ ಬಿತ್ತು ನೋಡು. ತಳಾನ ಇಲ್ಲ. ಆದರ ಖರೆ ಬಾವಿ ಅಲ್ಲ ಅದು. ಸುಳ್ಳ ಬಾವಿ."

ನಾನು ಕೂತಿದ್ದ ಸ್ಟೂಲಿನ ಅಂಚನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ. "ಸುಳ್ಳ ಅಂತ ಹೆಂಗ ಗೊತ್ತಾತ್ರಿ?"

"ಅದರ ಅಂಚು ಕುಣೀತಿತ್ತು. ಖರೆ ಬಾವಿ ಅಂಚು ಎಲ್ಲೆರ ಕುಣೀತೈತೇನು? ಒಳಗ ಏನೋ ಬಡೀತಿತ್ತು, ಅದಕ್ಕ ಕುಣೀತಿತ್ತು. ನಾ ಅದರ ಕಡೆ ಲಕ್ಷ್ಯ ಕೊಡೂದರಾಗ ಯಾರೋ ಎಲ್ಲಾ ತಗದಬಿಟ್ರು. ಚಾದರ ಜಗ್ಗಿದಂಗ. ಮತ್ತ ಬಂತು, ಹೋತು. ಈಗ ಏನೂ ಇಲ್ಲ. ಆದರ ಆ ಬಡಿಯೂದು ಇನ್ನೂ ಅಲ್ಲೇ ಐತಿ ಅಂತ ನನಗ ಅನಸಾಕತ್ತೈತಿ, ತಂಗಿ. ನೀವು ಅದನ್ನ ಹಂಗ ಬಿಟ್ಟ ಬಂದೀರಿ."

ಡಾಕ್ಟರಿಗೆ ಹೇಳುತ್ತೇನೆ ಎಂದೋ ಏನೋ ಅಂದು ಎದ್ದು ಬಂದೆ. ಕಾರಿಡಾರಿನಲ್ಲಿ ನೀಲವ್ವ ಎದುರಾಗಿ, "ಯಾಕವಾ, ಮಾರಿ ಹಿಂಗ್ಯಾಕ ಆಗೈತಿ? ಆಕಿಗೇನರ ಆತೇನು?" ಎಂದು ಗಾಬರಿಯಿಂದ ಕೇಳಿದರು. ಏನಿಲ್ಲ ಎಂದೆ.

ಓದುವವರು ಇದನ್ನು ಸರಿಯಾಗಿ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಆ ಬಾವಿ ಶಾಂತಕ್ಕನ ದೇಹದಲ್ಲಿ ಇರಲಿಲ್ಲ. ಇದ್ದಿದ್ದರೆ, ಮೈಗೆ ಹೇಗೋ ತಿಳಿದಿರಬಹುದು ಎಂದು ನಾನೇ ನಿಮಗೆ ಹೇಳುತ್ತಿದ್ದೆ. ಅದು ಡಾಕ್ಟರ ಕಣ್ಣಿಗೂ ಬಿದ್ದಿರಲಿಲ್ಲ, ಅವರ ಗೆರೆಗಳಲ್ಲಿ ಮೂಡುವ ಮೊದಲೇ ನಾನು ಗುಂಡಿ ಒತ್ತಿದ್ದೆ. ಸ್ಕ್ಯಾನಿನಲ್ಲಿ ಇರಲಿಲ್ಲ, ಮಾದರಿಯಲ್ಲೂ ಇರಲಿಲ್ಲ. ಇಡೀ ಭೂಮಿಯ ಮೇಲೆ ಆ ಬಾವಿ ಇದ್ದದ್ದು ಒಂದೇ ಕಡೆ, ನಮ್ಮ ಯಂತ್ರದ ತಪ್ಪು ಲೆಕ್ಕದಲ್ಲಿ. ಅದನ್ನು ಕಂಡವಳು ನಾನೊಬ್ಬಳೇ. ಆ ಬಗ್ಗೆ ಯಾರೂ ಒಂದು ಮಾತೂ ಆಡಿರಲಿಲ್ಲ. ಹುಟ್ಟಿದಾಗಿನಿಂದ ಕಣ್ಣಿಲ್ಲದ, ಅರಿವಳಿಕೆಯಲ್ಲಿ ಮಲಗಿದ್ದ ಹೆಂಗಸು ನನ್ನ ಯಂತ್ರದ ತಪ್ಪನ್ನು ನೆನಪಿಟ್ಟುಕೊಂಡು ಬಂದು ನನ್ನ ಕೈ ಹಿಡಿದು ಹೇಳುತ್ತಿದ್ದಳು.

ನಾನು ನೇರವಾಗಿ ಹೋಗಿ ರೆಕಾರ್ಡಿಂಗ್ ಹಾಕಿದೆ. ಬಾವಿ ಇತ್ತು. ನಾನು ಗುಂಡಿ ಒತ್ತಿದ ಗಳಿಗೆ ಪರದೆ ಸ್ತಬ್ಧವಾದದ್ದೂ ಇತ್ತು. ಆದರೆ ಅಂಚು ಕುಣಿಯುತ್ತಿರಲಿಲ್ಲ. ಸ್ವಲ್ಪ ಉಸಿರು ಬಂತು. ಆಮೇಲೆ ನೆನಪಾಯಿತು, ನಮ್ಮ ತಂತ್ರಾಂಶ ಚಿತ್ರದ ಸಣ್ಣ ನಡುಕಗಳನ್ನೆಲ್ಲ ಕ್ಯಾಮೆರಾದ ದೋಷವೆಂದು ತಿಳಿದು ಒರೆಸಿ ನುಣುಪು ಮಾಡಿ ತೋರಿಸುತ್ತದೆ. ನನ್ನ ಪರದೆಗೆ ಬರುವುದು ಒರೆಸಿದ ಚಿತ್ರ. ಒರೆಸುವುದಕ್ಕೆ ಮುಂಚಿನ ಕಚ್ಚಾ ಅಳತೆ ಬೇರೆ ಕಡೆ ಉಳಿದಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಹುಡುಕಿ ತೆಗೆದೆ.

ಅಂಚು ಕುಣಿಯುತ್ತಿತ್ತು.

ಒಂದು ಕೂದಲೆಳೆಯಷ್ಟು ಮೇಲೆ, ಒಂದು ಕೂದಲೆಳೆಯಷ್ಟು ಕೆಳಗೆ, ಬಿಟ್ಟೂ ಬಿಡದೆ. ಅರಿವಳಿಕೆ ಯಂತ್ರದಲ್ಲಿ ಉಳಿದಿದ್ದ ಅವರ ನಾಡಿಯ ಗೆರೆಯನ್ನು ತಂದು ಇದರ ಕೆಳಗಿಟ್ಟೆ. ಎರಡೂ ಒಂದೇ ತಾಳ. ಮೇಲ್ಮೈಗೆ ತೀರ ಹತ್ತಿರದಲ್ಲಿ, ಸ್ಕ್ಯಾನಿಗೆ ಸಿಗದಷ್ಟು ಸಣ್ಣದೊಂದು ರಕ್ತನಾಳ ಅಲ್ಲಿ ಹಾದುಹೋಗಿತ್ತು. ಆಮೇಲಿನ ಚಿತ್ರಗಳನ್ನು ಓಡಿಸಿದೆ. ಹೊಲಿಗೆಯ ಸೂಜಿ ಸರಿಯಾಗಿ ಅದರ ಪಕ್ಕದಲ್ಲೇ ಇಳಿದಿತ್ತು.

ಡಾಕ್ಟರ್ ಸುನಂದಾ ಅವರಿಗೆ ಮೊದಲು ಚಿತ್ರ ತೋರಿಸಿದೆ, ಆಮೇಲೆ ಶಾಂತಕ್ಕ ಹೇಳಿದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು.

"ನೀವ ಹೇಳಾಕತ್ತೀರೇನ್ರಿ ಇದನ್ನ?"

"ಹೌದ್ರಿ ಮೇಡಮ್."

"ಕನಸಿನ ಮ್ಯಾಲೆ ನಾ ಸ್ಕ್ಯಾನ್ ಬರ್ಯೂದಿಲ್ಲ," ಎಂದು ಕನ್ನಡಕ ಮತ್ತೆ ಹಾಕಿಕೊಂಡು ಪರದೆಯ ಕಡೆ ಬಾಗಿದರು. "ಆದರ ಈ ಚಿತ್ರದ ಮ್ಯಾಲೆ ಬರೀತೇನಿ."

ಸ್ಕ್ಯಾನ್ ಆಯಿತು. ಸೂಜಿ ತಾಗಿದ ರಕ್ತನಾಳ ಕಡಲೆ ಕಾಳಿನಷ್ಟು ಉಬ್ಬಿ ತೆಳ್ಳಗಾಗಿತ್ತು. ಇಂಥದ್ದು ಅಪರೂಪಕ್ಕೆ ಎಷ್ಟೇ ಚೆನ್ನಾಗಿ ಆಪರೇಷನ್ ಮಾಡಿದರೂ ಆಗುತ್ತದಂತೆ. ನೋವಿರುವುದಿಲ್ಲ. ರೋಗಿ ಮನೆಗೆ ಹೋಗಿ ಅಡಿಗೆ ಮಾಡುತ್ತಲೋ, ಬಸ್ಸಿನಲ್ಲೋ ಇದ್ದಾಗ ಇದ್ದಕ್ಕಿದ್ದಂತೆ ಒಡೆಯುತ್ತದೆ. ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ಕಳಿಸಿ ಅದನ್ನು ಮುಚ್ಚಬೇಕು. ಅದಕ್ಕೆ ಹುಬ್ಬಳ್ಳಿಗೆ ಹೋಗಬೇಕಿತ್ತು.

ಆಂಬುಲೆನ್ಸಿನಲ್ಲಿ ನಾನೂ ಹೋದೆ. ನನ್ನ ಕೆಲಸವಲ್ಲ ಅದು, ಆದರೆ ಹಿಂದೆ ಉಳಿಯಲು ಮನಸ್ಸಾಗಲಿಲ್ಲ. ಕೆರೂರಿನಲ್ಲಿ ಸಂತೆ. ರಸ್ತೆಯ ತುಂಬ ಗಾಡಿ, ಕುರಿ, ಟೆಂಪೋ. ಸೈರನ್ ಕೂಗಿದರೂ ಜಾಗ ಬಿಡಲು ಜಾಗವೇ ಇರಲಿಲ್ಲ. ಚಾಲಕ ಇಳಿದು, "ಒಳಗ ಜೀವ ಐತ್ರೋ ಯಪ್ಪಾ, ಸರೀರಿ!" ಎಂದು ಕೂಗುತ್ತ ಮುಂದೆ ಮುಂದೆ ಓಡಿದ. ಜನ ಕೈಯಿಂದಲೇ ಒಂದು ತರಕಾರಿ ಗಾಡಿಯನ್ನು ಎತ್ತಿ ಬದಿಗಿಟ್ಟರು. ನೀಲವ್ವ ಕಣ್ಣು ಮುಚ್ಚಿ ಬನಶಂಕರಿಯನ್ನು ಕರೆಯುತ್ತಿದ್ದರು. ನಾನು ಶಾಂತಕ್ಕನ ಹೊಟ್ಟೆಯ ಮೇಲಿನ ಚಾದರ ನೋಡುತ್ತ, ಆ ಕಡಲೆ ಕಾಳಿನ ಬಗ್ಗೆಯೇ ಯೋಚಿಸುತ್ತಿದ್ದೆ. ರಸ್ತೆಯ ಪ್ರತಿ ಉಬ್ಬಿಗೂ ಸ್ಟ್ರೆಚರಿನ ಅಂಚು ಹಿಡಿದುಕೊಳ್ಳುತ್ತಿದ್ದೆ.

ಶಾಂತಕ್ಕ ಮಾತ್ರ ಶಾಂತವಾಗಿದ್ದರು. ಊರು ದಾಟಿದ ಮೇಲೆ ನನ್ನ ಕಡೆ ಮುಖ ತಿರುಗಿಸಿ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ನಾ ಸತ್ತರೂ ಒಂದು ಆತು ತಂಗಿ. ದೂರ ಅಂದರ ಏನು ಅಂತ ಗೊತ್ತಾತು. ಇಷ್ಟು ದಿನ, ಧ್ವನಿ ಸಣ್ಣಾದರ ದೂರ ಅಂತಿದ್ನಿ. ನಡದು ಕಾಲು ಸೋತರ ದೂರ ಅಂತಿದ್ನಿ. ಅವತ್ತ ಹಂಗಲ್ಲ. ದೂರ ಇದ್ದದ್ದು ದೂರನ ಇತ್ತು, ಆದರೂ ನನಗ ಸಿಕ್ಕಿತ್ತು. ನಿಮಗೆಲ್ಲಾ ದಿನಾ ಹಂಗ ಆಗತೈತೇನು?"

ಹೌದು ಎಂದೆ. ಅವರು, "ಮತ್ತ ನೀವು ಅದರ ಸುದ್ದೀನ ಮಾತಾಡೂದಿಲ್ಲಲ್ಲ" ಎಂದರು.

ನಾನು ಕಿಟಕಿಯಾಚೆ ನೋಡಿದೆ. ಕಪ್ಪು ಹೊಲಗಳು ಆಕಾಶದವರೆಗೆ ಹರಡಿದ್ದವು. ಹತ್ತಿರದ ಗಿಡಗಳು ಓಡುತ್ತಿದ್ದವು, ದೂರದವು ನಿಂತಲ್ಲೇ ನಿಂತಿದ್ದವು. ದೂರವನ್ನು ಅಳೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ನಾನು ಅಲ್ಲಿಯವರೆಗೆ ಅದನ್ನು ಒಮ್ಮೆಯೂ ನೋಡಿರಲಿಲ್ಲ ಎನ್ನಿಸಿತು. ಕಣ್ಣು ತುಂಬಿ ಬಂತು. ನೀಲವ್ವ ನೋಡಿ ಹೆದರಿಕೊಳ್ಳಬಾರದೆಂದು ಕಿಟಕಿಯ ಕಡೆಗೇ ಮುಖ ಮಾಡಿ ಕೂತೆ.

ಹುಬ್ಬಳ್ಳಿಯಲ್ಲಿ ಎಲ್ಲ ಸುಸೂತ್ರವಾಯಿತು. ಅಲ್ಲಿಯ ಡಾಕ್ಟರು, ಸರಿಯಾದ ಹೊತ್ತಿಗೆ ಬಂದಿರಿ, ಯಾರು ಹಿಡಿದರು ಇದನ್ನು ಎಂದು ಕೇಳಿದರು. ಡಾಕ್ಟರ್ ಸುನಂದಾ ಫೋನಿನಲ್ಲಿ, "ರೋಗೀನ ಹೇಳಿದರು" ಎಂದಷ್ಟೇ ಹೇಳಿದರಂತೆ. ಕಿಡ್ನಿ ಉಳಿಯಿತು. ಶಾಂತಕ್ಕ ಕೆಲವು ವಾರಗಳಲ್ಲಿ ಮತ್ತೆ ಕಚೇರಿಗೆ ಹೋಗಿ ಫೋನಿನ ಮುಂದೆ ಕೂತರು.

ನಾವು ನಮ್ಮ ತಂತ್ರಾಂಶ ಬದಲಾಯಿಸಿದೆವು. ಸಣ್ಣ ನಡುಕಗಳನ್ನೆಲ್ಲ ಒರೆಸುವುದು ಬಿಟ್ಟು, ಅವು ರೋಗಿಯ ನಾಡಿಯ ತಾಳಕ್ಕೆ ಕೂಡುತ್ತವೆಯೇ ಎಂದು ನೋಡುವಂತೆ ಮಾಡಿದೆವು. ಕೂಡಿದರೆ ಆ ಜಾಗ ಎದ್ದು ತೋರುತ್ತದೆ, ಇಲ್ಲಿ ಒಳಗೆ ರಕ್ತ ಹರಿಯುತ್ತಿರಬಹುದು, ಜೋಪಾನ ಎಂದು. ಅದು ಕೆಲಸ ಮಾಡುತ್ತಿದೆ. ಮೇಲ್ಮೈಯನ್ನಷ್ಟೇ ಕಾಣುತ್ತಿದ್ದ ಯಂತ್ರಕ್ಕೆ ಒಳಗಿನ ಮಿಡಿತದ ಸುಳಿವು ಸಿಗತೊಡಗಿದ್ದು ಹೀಗೆ. ತಂಡದವರು ಈ ವಿಚಾರ ಹೇಗೆ ಹೊಳೆಯಿತು ಎಂದು ಕೇಳಿದಾಗ ನಡೆದದ್ದನ್ನು ನಡೆದಂತೆ ಹೇಳಿದೆ. ಕೆಲವರು ನಕ್ಕರು. ನಮ್ಮಲ್ಲಿ ಹಿರಿಯನಾದ ಒಬ್ಬ ಮಾತ್ರ, "ಹಾಗಾದರೆ ಆ ಕಚ್ಚಾ ಅಳತೆಯನ್ನು ಅವರು ಕಂಡರು. ನೀನು ಕಂಡದ್ದು ಒರೆಸಿದ ಚಿತ್ರ" ಎಂದ. ಆ ಮಾತು ನನಗೆ ಅದುವರೆಗೆ ಹೊಳೆದಿರಲಿಲ್ಲ. ಪರದೆಯನ್ನು ಹೇಗೋ ಕದ್ದು ನೋಡಿದರು ಎಂದರೂ ಸಾಲದು. ಆ ಕುಣಿತ ಯಾವ ಪರದೆಯ ಮೇಲೂ ಬಂದಿರಲಿಲ್ಲ.

ನಾನು ಸುಮ್ಮನೆ ಬಿಡುವವಳಲ್ಲ ಎಂದು ಆಗಲೇ ಹೇಳಿದ್ದೇನೆ. ಅರಿವಳಿಕೆಯ ಡಾಕ್ಟರನ್ನು ಹಿಡಿದು ಕೇಳಿದೆ. ಶಾಂತಕ್ಕನ ನಿದ್ದೆ ಆಳವಾಗಿಯೇ ಇತ್ತು ಎಂದು ದಾಖಲೆ ತೋರಿಸಿದರು. ಮೆದುಳಿನ ಬಗ್ಗೆ ಓದಿದೆ. ಕಣ್ಣಿಲ್ಲದವರು ಸಪ್ಪಳದಿಂದ ದೂರ ಅಳೆಯುತ್ತಾರೆ ಎಂದು ಓದಿದೆ. ಆದರೆ ಒಂದು ಯಂತ್ರದ ಲೆಕ್ಕ ತಪ್ಪಿದರೆ ಸಪ್ಪಳ ಆಗುವುದಿಲ್ಲ. ನನ್ನ ನೆನಪೇ ಆಮೇಲೆ ಎಲ್ಲವನ್ನೂ ಹೊಂದಿಸಿಕೊಂಡಿತೇ ಎಂದೂ ನನ್ನನ್ನು ನಾನೇ ಕೇಳಿಕೊಂಡೆ. ಆದರೆ ಅವರು ಹೇಳಿದ ಮೇಲಲ್ಲವೇ ನಾನು ಹೋಗಿ ಹುಡುಕಿದ್ದು? ಅವರು ಹೇಳದಿದ್ದರೆ ಆ ಕಚ್ಚಾ ಅಳತೆಯನ್ನು ಯಾಕೆ ತೆಗೆಯುತ್ತಿದ್ದೆ?

ಕೊನೆಗೆ ಒಂದು ದಿನ ಶಾಂತಕ್ಕನನ್ನೇ ಕರೆದೆ. ಬಾಗಲಕೋಟೆಯ ನವನಗರದಲ್ಲಿ ನಾವು ಬಾಡಿಗೆಗೆ ಹಿಡಿದ ಕೋಣೆಗೆ ರಜೆಯ ದಿನ ಹುನಗುಂದದಿಂದ ಬಸ್ಸಿಗೆ ಬಂದರು. ಅಮೀನಗಡದಲ್ಲಿ ಬಸ್ಸು ನಿಂತಾಗ ನೀಲವ್ವನನ್ನು ಇಳಿಸಿ ನಮಗೆಲ್ಲ ಅಲ್ಲಿಯ ಸಿಹಿತಿನಿಸು ಕರದಂಟನ್ನು ಕೊಳ್ಳಿಸಿಕೊಂಡು ಬಂದಿದ್ದರು. ಅವರನ್ನು ಕುರ್ಚಿಯಲ್ಲಿ ಕೂಡಿಸಿ ಯಂತ್ರ ಚಾಲೂ ಮಾಡಿದೆ. ಕ್ಯಾಮೆರಾದ ಮುಂದೆ ಸದ್ದಿಲ್ಲದೆ ಒಂದು ಲೋಟ ಇಟ್ಟೆ. ತೆಗೆದೆ. ನನ್ನ ಕೈ ಇಟ್ಟೆ. ಒದ್ದೆ ಮಾಡಿದ ರಬ್ಬರ್ ಹಾಳೆ ಇಟ್ಟು ಬೆಳಕು ಬಿಟ್ಟು ಬೇಕೆಂದೇ ಸುಳ್ಳು ಬಾವಿ ಮೂಡಿಸಿದೆ. ಪ್ರತಿ ಸಲವೂ ಏನಾದರೂ ಗೊತ್ತಾಯಿತೇ ಎಂದು ಕೇಳಿದೆ.

ಪ್ರತಿ ಸಲವೂ ಇಲ್ಲ ಎಂದರು. ಮೊದಮೊದಲು ಆಸೆಯಿಂದ ಮುಖ ಮುಂದೆ ಚಾಚಿ ಕೂತಿದ್ದರು. ಬರಬರುತ್ತ ಹಿಂದಕ್ಕೆ ಒರಗಿದರು. ಮತ್ತೊಮ್ಮೆ ಅದು ಸಿಕ್ಕೀತು ಎಂದು ಅವರು ನನಗಿಂತ ಹೆಚ್ಚು ಕಾಯುತ್ತಿದ್ದರು ಎಂದು ನನಗಾಗ ತಿಳಿಯಿತು. ನನಗೆ ಕೆಡುಕೆನಿಸಿ ಯಂತ್ರ ಆರಿಸಲು ಹೋದೆ.

"ತಡೀ ತಂಗಿ," ಎಂದರು. "ಅದರ ಕಣ್ಣು ಎಲ್ಲೈತಿ, ನನ್ನ ಕೈಗೆ ಕೊಡು."

ಕೊಳವೆಯನ್ನು ಅವರ ಕೈಗಿಟ್ಟೆ. ಉದ್ದಕ್ಕೂ ಸವರಿ, ತುದಿಯ ಎರಡು ಪುಟ್ಟ ಗಾಜುಗಳ ಮೇಲೆ ಬೆರಳಿಟ್ಟರು. ಪರದೆಯ ಮೇಲೆ ಅವರ ಬೆರಳು ತುದಿ ಕೆಂಪಗೆ, ದೊಡ್ಡದಾಗಿ, ಇಡೀ ಆಕಾಶ ಮುಚ್ಚಿದಂತೆ ಬಂದು ನಿಂತಿತು.

"ಇವತ್ತ ಹೆಂಗ ಗೊತ್ತಾಗತೈತಿ?" ಎಂದರು, ಮಗುವಿಗೆ ಸಮಾಧಾನ ಹೇಳುವ ಧ್ವನಿಯಲ್ಲಿ. "ಇವತ್ತ ಇದು ನನ್ನ ಹೊರಗ ಐತಿ. ಅವತ್ತ ನನ್ನ ಒಳಗ ಇತ್ತಲ್ಲ."

ಆ ಮಾತು ತಪ್ಪು ಎಂದು ಹೇಳಲು ನನಗೆ ಇನ್ನೂ ಕಾರಣ ಸಿಕ್ಕಿಲ್ಲ. ಆಗ ನಾನು ಮಾಡಿದ್ದಿಷ್ಟು: ಯಂತ್ರ ಆರಿಸದೆ, ಅವರು ತಾವಾಗಿ ಬೆರಳು ತೆಗೆಯುವವರೆಗೆ, ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ.